ಕುಲಪತಿಗಳ ಸಂಬಳ ಸಂಸತ್ತಿನ ಮುಂದೆ ಬರಲಿ: ಆಸ್ಟ್ರೇಲಿಯಾದ ಕನ್ನಡಿಗರಿಗೆ ಬಹಿರಂಗ ಪತ್ರ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೂ ಇಲ್ಲಿಗೆ ಮಕ್ಕಳನ್ನು ಓದಲು ಕಳಿಸಿರುವ ಕರ್ನಾಟಕದ ತಂದೆತಾಯಂದಿರಿಗೂ ನಮಸ್ಕಾರ.

ಈ ದೇಶದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕುಲಪತಿಗಳಿಗೂ ಅವರ ಕೈಕೆಳಗಿನ ಹಿರಿಯ ಆಡಳಿತಗಾರರಿಗೂ ಎಷ್ಟು ಸಂಬಳ ಸಲ್ಲಬೇಕು, ಅದನ್ನು ಯಾರು ನಿಗದಿ ಮಾಡಬೇಕು, ನಿಗದಿ ಮಾಡಿದವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳು 2025ರಲ್ಲಿ ಕೇಂದ್ರ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಶಿಕ್ಷಣ ಮತ್ತು ಉದ್ಯೋಗ ಸಮಿತಿಯ ಮುಂದೆ ಬಂದವು. ಉನ್ನತ ಶಿಕ್ಷಣ ಸಂಸ್ಥೆಗಳ ಆಡಳಿತದ ಗುಣಮಟ್ಟವನ್ನು ಪರಿಶೀಲಿಸಲು ಹೊರಟ ಆ ಸಮಿತಿ ಸೆಪ್ಟೆಂಬರ್ 2025ರಲ್ಲಿ ಮಧ್ಯಂತರ ವರದಿ ಕೊಟ್ಟು, 12 ಶಿಫಾರಸುಗಳನ್ನು ಮಾಡಿತು. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಒಂದೇ: ಕುಲಪತಿಗಳ ಮತ್ತು ಹಿರಿಯ ಆಡಳಿತಗಾರರ ಸಂಬಳದ ಶ್ರೇಣಿಗಳನ್ನು ರೆಮ್ಯುನರೇಷನ್ ಟ್ರಿಬ್ಯೂನಲ್ ನಿಗದಿ ಮಾಡುವಂಥ ವ್ಯವಸ್ಥೆಯೊಂದನ್ನು ಕೇಂದ್ರ ಸರ್ಕಾರವು ರಾಜ್ಯಗಳೊಂದಿಗೆ ಸಮಾಲೋಚಿಸಿ ರೂಪಿಸಬೇಕು ಎಂಬುದು. ಈ ಟ್ರಿಬ್ಯೂನಲ್ 1973ರ ಕಾಯ್ದೆಯಿಂದ ಹುಟ್ಟಿದ ಸ್ವತಂತ್ರ ಸಂಸ್ಥೆ. ಕೇಂದ್ರದ ನ್ಯಾಯಾಧೀಶರ, ಸಂಸದರ, ಸರ್ಕಾರಿ ಇಲಾಖೆಗಳ ಕಾರ್ಯದರ್ಶಿಗಳ ಸಂಬಳವನ್ನು ನಿರ್ಧರಿಸಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು ಇದೇ. ದೇಶದ ಪ್ರಧಾನಿಯ ಸಂಬಳಕ್ಕೆ ಯೋಗ್ಯವಾದ ವ್ಯವಸ್ಥೆ ಕುಲಪತಿಯ ಸಂಬಳಕ್ಕೆ ಏಕೆ ಯೋಗ್ಯವಲ್ಲ ಎಂಬುದನ್ನು ನಾವು, ಅಂದರೆ ಇಲ್ಲಿ ತೆರಿಗೆ ಕಟ್ಟುವ, ಮತ ಹಾಕುವ, ಶುಲ್ಕ ತೆರುವ ಕನ್ನಡಿಗರು, ನಮ್ಮ ಪ್ರತಿನಿಧಿಗಳನ್ನು ಕೇಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಮೊತ್ತಗಳನ್ನು ನೋಡೋಣ. ಪ್ರಧಾನಿಯ ವಾರ್ಷಿಕ ಸಂಬಳ 6 ಲಕ್ಷ ಡಾಲರುಗಳ ಆಸುಪಾಸಿನಲ್ಲಿದೆ. ಕುಲಪತಿಗಳ ಸರಾಸರಿ ಗಳಿಕೆ 10 ಲಕ್ಷ ಡಾಲರುಗಳ ಮಟ್ಟಕ್ಕೆ ಬಂದು ನಿಂತಿದೆ. ನಮ್ಮ ರೂಪಾಯಿಯ ಲೆಕ್ಕದಲ್ಲಿ ಅದು ಐದು ಕೋಟಿಗೂ ಹೆಚ್ಚು. ತಮ್ಮ ತಮ್ಮ ರಾಜ್ಯದ ಪ್ರೀಮಿಯರ್‌ಗಿಂತ, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮನಾದವರಿಗಿಂತ, ಹೆಚ್ಚು ಸಂಬಳ ಪಡೆಯುವ ವಿಶ್ವವಿದ್ಯಾಲಯ ಆಡಳಿತಗಾರರು 306 ಮಂದಿ ಇದ್ದಾರೆಂದು ಉನ್ನತ ಶಿಕ್ಷಣ ನೌಕರರ ರಾಷ್ಟ್ರೀಯ ಸಂಘ ಲೆಕ್ಕ ಕೊಟ್ಟಿದೆ. ಕ್ಯಾನ್‌ಬೆರಾ ವಿಶ್ವವಿದ್ಯಾಲಯದ ಕುಲಪತಿಯೊಬ್ಬರು 2023ರ ಕೊನೆಯಲ್ಲಿ ಹುದ್ದೆ ಬಿಟ್ಟರು. ಬಾಕಿ ರಜೆ ಮತ್ತು ನಿರ್ಗಮನದ ಪಾವತಿಗಳೂ ಸೇರಿ ಆ ವರ್ಷ ಅವರಿಗೆ ಸಂದದ್ದು ಸುಮಾರು 18 ಲಕ್ಷ ಡಾಲರ್. ಮರುವರ್ಷ ಅದೇ ವಿಶ್ವವಿದ್ಯಾಲಯ ನಷ್ಟದ ಕಾರಣ ಹೇಳಿ ಸಿಬ್ಬಂದಿಯನ್ನು ಕಡಿತಗೊಳಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ಅಲ್ಲಿ ಕುಲಪತಿಯಾಗಿ ಬಂದ ಮಾಜಿ ಕೇಂದ್ರ ಸಚಿವ ಬಿಲ್ ಶಾರ್ಟನ್ ಸುಮಾರು 8 ಲಕ್ಷ 60 ಸಾವಿರ ಡಾಲರಿಗೆ ಒಪ್ಪಿಕೊಂಡರು. ಇದೂ ಸಣ್ಣ ಮೊತ್ತವಲ್ಲ, ಆದರೆ ಅದೇ ಕುರ್ಚಿಗೆ ಅದಕ್ಕಿಂತ ಕಡಿಮೆ ಸಂಬಳಕ್ಕೆ ಸಮರ್ಥರು ಸಿಗುವುದಿಲ್ಲ ಎಂಬ ವಾದ ಅಲ್ಲಿಗೇ ಬಿದ್ದುಹೋಯಿತು.

ಇಷ್ಟು ದೊಡ್ಡ ಮೊತ್ತಗಳು ಹೇಗೆ ಬೆಳೆದವು ಎಂಬುದು ಮೊತ್ತಕ್ಕಿಂತ ಮುಖ್ಯ. ಪ್ರತಿ ವಿಶ್ವವಿದ್ಯಾಲಯಕ್ಕೂ ನಮ್ಮ ಸಿಂಡಿಕೇಟನ್ನು ಹೋಲುವ ಒಂದು ಕೌನ್ಸಿಲ್ ಇರುತ್ತದೆ. ಅದರ ಕೆಲವೇ ಸದಸ್ಯರ ಸಂಬಳ ಸಮಿತಿ ಮುಚ್ಚಿದ ಬಾಗಿಲ ಹಿಂದೆ ಕೂತು ಕುಲಪತಿಯ ಸಂಬಳವನ್ನು ತೀರ್ಮಾನಿಸುತ್ತದೆ. ತೀರ್ಮಾನಕ್ಕೆ ಆಧಾರವಾಗಿ ಸಲಹಾ ಸಂಸ್ಥೆಯೊಂದು ಇತರ ವಿಶ್ವವಿದ್ಯಾಲಯಗಳ ಕುಲಪತಿಗಳು ಎಷ್ಟು ಪಡೆಯುತ್ತಿದ್ದಾರೆಂಬ ಪಟ್ಟಿ ತಂದಿಡುತ್ತದೆ. ನಮ್ಮ ಕುಲಪತಿ ಪಟ್ಟಿಯ ಕೆಳಗಿನ ಅರ್ಧದಲ್ಲಿರುವುದು ಯಾವ ಕೌನ್ಸಿಲಿಗೂ ಇಷ್ಟವಾಗುವುದಿಲ್ಲವಾದ್ದರಿಂದ, ಒಬ್ಬರನ್ನು ಮಧ್ಯಕ್ಕೆ ಏರಿಸಿದಾಗಲೆಲ್ಲ ಆ ಮಧ್ಯವೇ ಇನ್ನೊಂದಿಷ್ಟು ಮೇಲಕ್ಕೆ ಹೋಗುತ್ತದೆ, ಮತ್ತು ಮುಂದಿನ ವರ್ಷ ಇನ್ನೊಂದು ವಿಶ್ವವಿದ್ಯಾಲಯ ಅದೇ ಪಟ್ಟಿಯನ್ನು ಹಿಡಿದು ಅದೇ ಕೆಲಸ ಮಾಡುತ್ತದೆ. ಇದರಲ್ಲಿ ಯಾರೊಬ್ಬರೂ ಕೆಟ್ಟವರಾಗಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ಹಿತವನ್ನೇ ಬಯಸಿದ್ದರೂ ಒಟ್ಟು ಪರಿಣಾಮ ಮಾತ್ರ ಸಾರ್ವಜನಿಕ ಹಣದ ಮೇಲೆ ಬೀಳುತ್ತದೆ. ಆ ಕೋಣೆಯಲ್ಲಿ ಸಾರ್ವಜನಿಕರ ಪರವಾಗಿ ಇಷ್ಟು ಸಾಕು ಎನ್ನುವ ಅಧಿಕಾರವಿರುವ ಒಬ್ಬರೂ ಇರುವುದಿಲ್ಲ.

ಹಣ ಸಾರ್ವಜನಿಕರದ್ದು ಎಂಬುದರಲ್ಲಿ ಅನುಮಾನ ಬೇಡ. ಇಲ್ಲಿನ ಸುಮಾರು 40 ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಸಾರ್ವಜನಿಕವಾದವು. ರಾಜ್ಯ ಅಥವಾ ಕೇಂದ್ರದ ಶಾಸನಗಳಿಂದ ಹುಟ್ಟಿದವು. 2003ರ ಉನ್ನತ ಶಿಕ್ಷಣ ಬೆಂಬಲ ಕಾಯ್ದೆಯ ಮೂಲಕ ಕೇಂದ್ರದ ಅನುದಾನ ಅವುಗಳಿಗೆ ಹರಿಯುತ್ತದೆ. ಇಲ್ಲಿನ ವಿದ್ಯಾರ್ಥಿಗಳು ಸರ್ಕಾರದ ಸಾಲ ಪಡೆದು ಶುಲ್ಕ ಕಟ್ಟುತ್ತಾರೆ. 2021ರ ಶುಲ್ಕ ಬದಲಾವಣೆಗಳ ನಂತರ ಕಲಾ ವಿಭಾಗದ ಒಂದು ಪದವಿಗೆ 50 ಸಾವಿರ ಡಾಲರಿಗೂ ಹೆಚ್ಚು ಸಾಲವಾಗುತ್ತದೆ. ಇನ್ನೊಂದು ದೊಡ್ಡ ಪಾಲು ನಮ್ಮಂಥ ದೇಶಗಳಿಂದ ಬರುವ ಮಕ್ಕಳ ಶುಲ್ಕ. ಚೀನಾದ ನಂತರ ಇಲ್ಲಿಗೆ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸುವ ದೇಶ ಭಾರತ. ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವನ್ನು 2024ರ ಜುಲೈನಲ್ಲಿ 710 ಡಾಲರಿನಿಂದ 1,600ಕ್ಕೂ ಮರುವರ್ಷದ ಜುಲೈನಲ್ಲಿ 2,000ಕ್ಕೂ ಏರಿಸಲಾಯಿತು. ಖಾತೆಯಲ್ಲಿ 29,710 ಡಾಲರ್ ಉಳಿತಾಯ ತೋರಿಸಬೇಕೆಂಬ ನಿಯಮವೂ 2024ರಲ್ಲೇ ಬಂತು. ಮಂಡ್ಯದಲ್ಲೋ ಹಾವೇರಿಯಲ್ಲೋ ಜಮೀನು ಅಡವಿಟ್ಟು, ಬ್ಯಾಂಕಿನಲ್ಲಿ ಶೈಕ್ಷಣಿಕ ಸಾಲ ತೆಗೆದು ಮಗಳನ್ನು ಇಲ್ಲಿಗೆ ಕಳಿಸಿದ ತಂದೆಗೆ ತಾನು ಕಟ್ಟಿದ ಹಣ ಪಾಠದ ಕೋಣೆಗೆ ಎಷ್ಟು ಹೋಯಿತು, ಆಡಳಿತ ಕಚೇರಿಗೆ ಎಷ್ಟು ಹೋಯಿತು ಎಂದು ಕೇಳುವ ಹಕ್ಕಿದೆ. ನಮ್ಮೂರ ಹಾಲು ಉತ್ಪಾದಕರ ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಯ ಸಂಬಳವೆಷ್ಟು ಎಂದು ಸದಸ್ಯರು ಎದ್ದು ನಿಂತು ಕೇಳುತ್ತಾರೆ, ಕಾರ್ಯದರ್ಶಿ ಲೆಕ್ಕ ಓದಿ ಹೇಳಲೇಬೇಕು. ಕೋಟಿಗಟ್ಟಲೆ ಡಾಲರ್ ವಹಿವಾಟಿನ ವಿಶ್ವವಿದ್ಯಾಲಯದಲ್ಲಿ ಅಷ್ಟೂ ಇಲ್ಲ.

ಪಾಠದ ಕೋಣೆಯ ಕಡೆಯ ಸ್ಥಿತಿಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮೇಲಿನವರ ಸಂಬಳವನ್ನು ಕೆಳಗಿನವರ ಸಂಬಳದಿಂದ ಬೇರ್ಪಡಿಸಿ ನೋಡಲು ಆಗುವುದಿಲ್ಲ. ನಮ್ಮ ಮಕ್ಕಳ ಟ್ಯುಟೋರಿಯಲ್‌ಗಳನ್ನು ನಡೆಸುವವರಲ್ಲಿ, ಪ್ರಬಂಧಗಳನ್ನು ತಿದ್ದುವವರಲ್ಲಿ ಬಹಳಷ್ಟು ಜನ ಗಂಟೆ ಲೆಕ್ಕದ ಕ್ಯಾಶುಯಲ್ ಬೋಧಕರು. ನಮ್ಮ ಕಡೆಯ ಅತಿಥಿ ಉಪನ್ಯಾಸಕರ ಪಾಡನ್ನು ಬಲ್ಲವರಿಗೆ ಇವರ ಪಾಡು ಕೂಡಲೇ ಅರ್ಥವಾಗುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕೆಲವು ವಿಭಾಗಗಳಲ್ಲಿ ಪ್ರಬಂಧ ತಿದ್ದುವವರಿಗೆ ಗಂಟೆಗೆ 4,000 ಪದಗಳ ಲೆಕ್ಕದಲ್ಲಿ ಕೂಲಿ ಕಟ್ಟಲಾಗುತ್ತಿತ್ತು. ವಿದ್ಯಾರ್ಥಿಯ ವಾದವನ್ನು ಓದಿ, ತಪ್ಪನ್ನು ಗುರುತಿಸಿ, ಮುಂದೆ ಹೇಗೆ ಬರೆಯಬೇಕೆಂದು ಎರಡು ಸಾಲು ಬರೆದುಕೊಡುವ ಕೆಲಸವನ್ನು ಆ ವೇಗದಲ್ಲಿ ಪ್ರಾಮಾಣಿಕವಾಗಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ತಿದ್ದಿದವರು ಪುಕ್ಕಟೆಯಾಗಿ ತಿದ್ದಿದರು. ಕೊನೆಗೆ 2024ರ ಡಿಸೆಂಬರಿನಲ್ಲಿ, ನೌಕರರಿಗೆ ಸರಿಯಾದ ಕೂಲಿ ಸಿಗುತ್ತಿದೆಯೇ ಎಂದು ನೋಡುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಒಂಬುಡ್ಸ್‌ಮನ್ ಜೊತೆ ಆ ವಿಶ್ವವಿದ್ಯಾಲಯ ಒಪ್ಪಂದ ಮಾಡಿಕೊಂಡು, 25,000ಕ್ಕೂ ಹೆಚ್ಚು ಸಿಬ್ಬಂದಿಗೆ ಸುಮಾರು 7 ಕೋಟಿ 20 ಲಕ್ಷ ಡಾಲರ್ ಬಾಕಿ ತೀರಿಸುವುದನ್ನು ಒಪ್ಪಿತು. ಇದು ಒಂದೇ ವಿಶ್ವವಿದ್ಯಾಲಯದ ಕಥೆಯಲ್ಲ. ಇಂಥ ಬಾಕಿಗಳು ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಹೊರಬಂದಿವೆ. ಹತ್ತು ವರ್ಷ ಸಾವಿರಾರು ಬೋಧಕರಿಗೆ ಕೂಲಿ ಕಡಿಮೆಯಾದುದನ್ನು ಗಮನಿಸದ ವ್ಯವಸ್ಥೆ ಅದೇ ಹತ್ತು ವರ್ಷ ಹಿರಿಯ ಆಡಳಿತಗಾರರ ಸಂಬಳವನ್ನು ವರ್ಷವರ್ಷವೂ ತಪ್ಪದೆ ಪರಿಶೀಲಿಸಿ ಏರಿಸಿತು. ನನಗೆ ನೋವಾಗುವುದು ಇಲ್ಲಿ.

ಸಂಸತ್ತು ನೋಡಿದರೆ ಏನು ಬದಲಾಗುತ್ತದೆ ಎಂದು ಕೇಳುವವರಿದ್ದಾರೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಉದಾಹರಣೆ ಅದಕ್ಕೆ ಉತ್ತರ. ದೇಶದ ಬೇರೆ ಸಾರ್ವಜನಿಕ ವಿಶ್ವವಿದ್ಯಾಲಯಗಳು ರಾಜ್ಯಗಳ ಅಥವಾ ಪ್ರಾಂತ್ಯಗಳ ಶಾಸನಗಳಿಂದ ನಡೆದರೆ, ಇದು ಕೇಂದ್ರ ಸಂಸತ್ತಿನ ಶಾಸನದಿಂದ ನಡೆಯುತ್ತದೆ. ಆದ್ದರಿಂದ ಅದರ ಅಧಿಕಾರಿಗಳು ಸರ್ಕಾರಿ ಹಣದ ಖರ್ಚನ್ನು ಸೆನೆಟರುಗಳು ಪ್ರಶ್ನಿಸುವ ಸೆನೆಟ್ ಎಸ್ಟಿಮೇಟ್ಸ್ ಎಂಬ ವಿಚಾರಣೆಗಳಿಗೆ ಬಂದು ಉತ್ತರಿಸುತ್ತಾರೆ, ಅದರ ವಾರ್ಷಿಕ ವರದಿಯಲ್ಲಿ ಹಿರಿಯರ ಸಂಬಳ ಹೆಸರುಸಹಿತ ಪ್ರಕಟವಾಗುತ್ತದೆ. 2024ರ ಅಕ್ಟೋಬರಿನಲ್ಲಿ ಆ ವಿಶ್ವವಿದ್ಯಾಲಯ 25 ಕೋಟಿ ಡಾಲರ್ ಉಳಿತಾಯದ ಯೋಜನೆಯೊಂದನ್ನು ಪ್ರಕಟಿಸಿತು. ಕುಲಪತಿ ಜೆನೆವೀವ್ ಬೆಲ್ ತಮ್ಮ ಸಂಬಳದಲ್ಲಿ ಶೇ. 10ರಷ್ಟನ್ನು ಬಿಟ್ಟುಕೊಟ್ಟರು, ಸಿಬ್ಬಂದಿ ತಮಗೆ ಬರಬೇಕಿದ್ದ ಶೇ. 2.5ರ ಏರಿಕೆಯನ್ನು ಬಿಟ್ಟುಕೊಡಬೇಕೆಂದು ಕೇಳಿದಾಗ ಸಿಬ್ಬಂದಿ ಭಾರಿ ಬಹುಮತದಿಂದ ನಿರಾಕರಿಸಿದರು. ಆ ಉಳಿತಾಯ ಯೋಜನೆಗೆ ನೆರವಾಗಲು ನೇಮಿಸಿದ್ದ ನೌಸ್ ಎಂಬ ಸಲಹಾ ಸಂಸ್ಥೆಗೆ ಎಷ್ಟು ಹಣ ಕೊಡಲಾಗಿದೆ ಎಂದು ನವೆಂಬರಿನ ವಿಚಾರಣೆಯಲ್ಲಿ ಕೇಳಿದಾಗ, ಆ ವರ್ಷ ಸುಮಾರು 50 ಸಾವಿರ ಡಾಲರ್ ಪಾವತಿಯಾಗಿದೆ ಎಂಬ ಉತ್ತರ ಬಂತು. ಒಪ್ಪಂದದ ಒಟ್ಟು ಮೊತ್ತ 11 ಲಕ್ಷ ಡಾಲರ್ ದಾಟಿತ್ತೆಂಬುದು ಕ್ಯಾನ್‌ಬೆರಾದ ಸೆನೆಟರ್ ಡೇವಿಡ್ ಪೊಕಾಕ್ ಮತ್ತಿತರರು ಪಟ್ಟುಬಿಡದೆ ಕೇಳಿದ ಮೇಲೆ ಹೊರಬಂತು. ಸಂಸತ್ತಿನ ದಾರಿ ತಪ್ಪಿಸಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು, ಅದನ್ನೂ ಇಲ್ಲಿ ದಾಖಲಿಸುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಕುಲಪತಿ ರಾಜೀನಾಮೆ ಕೊಟ್ಟರು. ಇದರಲ್ಲಿ ಯಾರು ಎಷ್ಟು ತಪ್ಪಿತಸ್ಥರು ಎಂಬುದು ನನ್ನ ವಿಷಯವಲ್ಲ. ಪ್ರಶ್ನೆ ಕೇಳುವ ಜಾಗವೊಂದು ಇದ್ದುದರಿಂದ ಉತ್ತರ ಸಿಕ್ಕಿತು ಎಂಬುದಷ್ಟೇ ನನ್ನ ವಿಷಯ. ಮೆಲ್ಬರ್ನ್‌ನ, ಸಿಡ್ನಿಯ, ಬ್ರಿಸ್ಬೇನ್‌ನ ವಿಶ್ವವಿದ್ಯಾಲಯಗಳಿಗೆ ಅಂಥ ಕಾಯಂ ಜಾಗವೇ ಇಲ್ಲ. ಅವುಗಳ ವಾರ್ಷಿಕ ವರದಿಗಳು ರಾಜ್ಯ ಸಂಸತ್ತಿನಲ್ಲಿ ಮಂಡನೆಯಾಗುತ್ತವೆ ನಿಜ, ಆದರೆ ಹಣಕಾಸು ಟಿಪ್ಪಣಿಗಳ ನಡುವೆ ಹಿರಿಯ ಆಡಳಿತಗಾರರ ಸಂಬಳ ಸಾಮಾನ್ಯವಾಗಿ ಇಷ್ಟರಿಂದ ಇಷ್ಟರವರೆಗೆ ಇಷ್ಟು ಜನ ಎಂಬ ಕೋಷ್ಟಕವಾಗಿ ಮಾತ್ರ ಇರುತ್ತದೆ.

ಇದಕ್ಕಿಂತ ಸ್ಪಷ್ಟವಾದ ಪೂರ್ವನಿದರ್ಶನ ಅಂಚೆ ಇಲಾಖೆಯದು. ಸರ್ಕಾರದ ಸ್ವಂತ ಸಂಸ್ಥೆಯಾದ ಆಸ್ಟ್ರೇಲಿಯಾ ಪೋಸ್ಟ್‌ನ ಮುಖ್ಯಸ್ಥ ಅಹ್ಮದ್ ಫಾಹೂರ್ ಅವರ ಗಳಿಕೆಯನ್ನು ಗೋಪ್ಯವಾಗಿಡಬೇಕೆಂದು ಆ ಸಂಸ್ಥೆ ಕೋರಿಕೊಂಡಿದ್ದರೂ, 2017ರ ಫೆಬ್ರವರಿಯಲ್ಲಿ ಸೆನೆಟ್ ಸಮಿತಿ ಅದನ್ನು ಪ್ರಕಟಿಸಿತು: ಒಂದು ವರ್ಷಕ್ಕೆ 56 ಲಕ್ಷ ಡಾಲರ್. ಅಂದಿನ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಅವರೇ ಇದು ವಿಪರೀತವಾಯಿತೆಂದು ಹೇಳಿದರು. ಕೆಲವೇ ವಾರಗಳಲ್ಲಿ ಫಾಹೂರ್ ರಾಜೀನಾಮೆ ಪ್ರಕಟಿಸಿದರು, ಆ ಹುದ್ದೆಯ ಸಂಬಳವನ್ನು ರೆಮ್ಯುನರೇಷನ್ ಟ್ರಿಬ್ಯೂನಲ್‌ನ ವ್ಯಾಪ್ತಿಗೆ ತರಲಾಯಿತು, ಅವರ ನಂತರ ಬಂದವರ ಸಂಬಳ ಅರ್ಧಕ್ಕೂ ಕೆಳಗಿಳಿಯಿತು. ಅಂಚೆ ನಿಲ್ಲಲಿಲ್ಲ, ಮುಖ್ಯಸ್ಥರ ಹುದ್ದೆಗೆ ಜನ ಸಿಗದೆ ಹೋಗಲಿಲ್ಲ.

ಪ್ರಕಟಣೆಯೊಂದೇ ಸಾಕು, ಟ್ರಿಬ್ಯೂನಲ್ ಏಕೆ ಎಂದು ಕೆಲವರು ಹೇಳುತ್ತಾರೆ. ಬ್ರಿಟನ್ನಿನ ಅನುಭವ ಅದು ಸಾಲದು ಎನ್ನುತ್ತದೆ. 2017ರಲ್ಲಿ ಬಾತ್ ವಿಶ್ವವಿದ್ಯಾಲಯದ ಕುಲಪತಿ ಗ್ಲಿನಿಸ್ ಬ್ರೇಕ್‌ವೆಲ್ ಅವರ ಸಂಬಳ 4 ಲಕ್ಷ 68 ಸಾವಿರ ಪೌಂಡ್ ಎಂದು ತಿಳಿದಾಗ ದೇಶದಾದ್ಯಂತ ಆಕ್ಷೇಪ ಎದ್ದಿತು. ಅದಕ್ಕೂ ಮೊದಲೇ ಆ ವಿಶ್ವವಿದ್ಯಾಲಯದ ಮಹಾಸಭೆಯಲ್ಲಿ ಸಂಬಳ ಸಮಿತಿಯ ವಿರುದ್ಧ ತಂದ ನಿರ್ಣಯ 33ಕ್ಕೆ 30 ಮತಗಳಿಂದ ಸೋತಿತ್ತು; ಕುಲಪತಿಯೂ ಆ ಸಮಿತಿಯ ಸದಸ್ಯರೂ ಮತ ಹಾಕಿದವರಲ್ಲಿ ಇದ್ದರು ಎಂಬುದನ್ನು ಅನುದಾನ ಮಂಡಳಿಯ ತನಿಖೆ ಟೀಕಿಸಿತು. ಬ್ರೇಕ್‌ವೆಲ್ ಹುದ್ದೆ ಬಿಟ್ಟರು, 2018ರಲ್ಲಿ ಹೊಸ ನಿಯಂತ್ರಣ ಸಂಸ್ಥೆ ಬಂತು, ಕುಲಪತಿಯ ಸಂಬಳಕ್ಕೆ ಸಮರ್ಥನೆಯನ್ನೂ ಅದು ಸಿಬ್ಬಂದಿಯ ಮಧ್ಯಮ ಸಂಬಳದ ಎಷ್ಟು ಪಟ್ಟು ಎಂಬ ಅನುಪಾತವನ್ನೂ ಪ್ರಕಟಿಸುವುದು ಕಡ್ಡಾಯವಾಯಿತು. ಅಂದಿನಿಂದ ಸಮರ್ಥನೆಗಳು ತಪ್ಪದೆ ಪ್ರಕಟವಾಗುತ್ತಿವೆ, ಸಂಬಳಗಳೂ ಏರುತ್ತಲೇ ಇವೆ.

ಕರ್ನಾಟಕದ ಓದುಗರಿಗೆ ಹೋಲಿಕೆ ಕೈಗೆಟುಕುವಂತೆಯೇ ಇದೆ. ಯುಜಿಸಿಯ ಏಳನೇ ವೇತನ ಪರಿಷ್ಕರಣೆಯಲ್ಲಿ ಕುಲಪತಿಗಳ ಮೂಲವೇತನವನ್ನು ತಿಂಗಳಿಗೆ 2,10,000 ರೂಪಾಯಿಗೆ ನಿಗದಿಪಡಿಸಲಾಯಿತು. ಪ್ರಾಧ್ಯಾಪಕರ ಶ್ರೇಣಿ 1,44,200ರಿಂದ 2,18,200ರವರೆಗಿದೆ. ಅಂದರೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗೂ ಅಲ್ಲಿನ ಅತ್ಯಂತ ಹಿರಿಯ ಪ್ರಾಧ್ಯಾಪಕರಿಗೂ ಮೂಲವೇತನದಲ್ಲಿ ಅಂತರವೇ ಇಲ್ಲವೆನ್ನಬಹುದು. ಇಲ್ಲಿ ಆಸ್ಟ್ರೇಲಿಯಾದಲ್ಲಿ ಕುಲಪತಿಯ ಸಂಬಳ ಪ್ರಾಧ್ಯಾಪಕರ ಸಂಬಳದ ನಾಲ್ಕೈದು ಪಟ್ಟು. ನಮ್ಮ ವ್ಯವಸ್ಥೆಯೇ ಮೇಲೆಂದು ನಾನು ಹೇಳುತ್ತಿಲ್ಲ. ಸಂಬಳ ನಿಗದಿಯಾಗಿದ್ದ ಮಾತ್ರಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನೇಮಕಾತಿಯ ದೂರುಗಳು ನಿಂತಿಲ್ಲ, ಖಾಲಿ ಹುದ್ದೆಗಳು ತುಂಬಿಲ್ಲ, ಅತಿಥಿ ಉಪನ್ಯಾಸಕರ ಬವಣೆ ತೀರಿಲ್ಲ. ಸರ್ಕಾರದ ಹಿಡಿತ ಬಿಗಿಯಾದರೆ ಕುಲಪತಿ ಸಚಿವರ ಮುಖ ನೋಡುವವರಾಗುತ್ತಾರೆ ಎಂಬುದನ್ನೂ ನಾವು ಕಂಡಿದ್ದೇವೆ. ಆದರೆ ಸಾರ್ವಜನಿಕ ಹುದ್ದೆಯ ಸಂಬಳ ಸಾರ್ವಜನಿಕ ಆದೇಶದಿಂದ, ಎಲ್ಲರೂ ಓದಬಹುದಾದ ಪಟ್ಟಿಯಿಂದ ಬರಬೇಕೆಂಬ ತತ್ವ ನಮಗೆ ಹೊಸದಲ್ಲ, ಅದನ್ನು ಇಲ್ಲಿ ಕೇಳಲು ಸಂಕೋಚಪಡಬೇಕಾಗಿಯೂ ಇಲ್ಲ.

ಕುಲಪತಿಯ ಸ್ವಾತಂತ್ರ್ಯದ ಪ್ರಶ್ನೆಯನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಸಚಿವರಿಗೆ ಒಪ್ಪಿಗೆಯಾಗದ ಸಂಶೋಧನೆಗೆ ಅವಕಾಶ ಕೊಟ್ಟ ಕುಲಪತಿಯ ಸಂಬಳವನ್ನು ಸಚಿವರು ಕತ್ತರಿಸುವಂತಾದರೆ ಅದು ದುರಂತ. ಆದ್ದರಿಂದಲೇ ನಾನು ಸಚಿವರಿಗೆ ಅಧಿಕಾರ ಕೊಡಿ ಎನ್ನುತ್ತಿಲ್ಲ, ಸಂಸದರು ಒಬ್ಬೊಬ್ಬ ಕುಲಪತಿಯ ಸಂಬಳವನ್ನು ಮತಕ್ಕೆ ಹಾಕಲಿ ಎಂದೂ ಹೇಳುತ್ತಿಲ್ಲ. ಟ್ರಿಬ್ಯೂನಲ್ ಸ್ವತಂತ್ರವಾಗಿರುವುದು ಇದೇ ಕಾರಣಕ್ಕೆ: ಸರ್ಕಾರದ ವಿರುದ್ಧ ತೀರ್ಪು ಕೊಡುವ ನ್ಯಾಯಾಧೀಶರ ಸಂಬಳವನ್ನೂ ಅದು ನಿಗದಿ ಮಾಡುತ್ತದೆ, ಅದರಿಂದ ನ್ಯಾಯಾಂಗದ ಸ್ವಾತಂತ್ರ್ಯ ಕುಂದಿದೆಯೆಂದು ಯಾರೂ ದೂರಿಲ್ಲ. ವಿದ್ಯಾರ್ಥಿಗಳ ಸಂಖ್ಯೆ, ಸಂಶೋಧನೆಯ ಗಾತ್ರ, ಆಸ್ಪತ್ರೆ ಮತ್ತು ಕ್ಯಾಂಪಸ್‌ಗಳ ಜವಾಬ್ದಾರಿ ನೋಡಿ ಅದು ಶ್ರೇಣಿ ಹಾಕಲಿ, ಆ ಶ್ರೇಣಿಯೊಳಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಕೌನ್ಸಿಲ್ ತೀರ್ಮಾನಿಸಲಿ, ತೀರ್ಮಾನದ ಕಾರಣವನ್ನು ಬರೆದು ಸಂಸತ್ತಿನ ಮುಂದಿಡಲಿ.

ಸರ್ಕಾರವೂ ಟ್ರಿಬ್ಯೂನಲ್‌ನ ನೆರವು ಪಡೆಯುವ ಮಾತನಾಡಿದೆ. ನೆರವು ಎಂಬುದು ಬರಿಯ ಸಲಹೆಯಾದರೆ ಪ್ರಯೋಜನವಿಲ್ಲ. ಸಲಹೆಯನ್ನು ಪಾಲಿಸದಿದ್ದವರು ಕಾರಣ ಹೇಳಿದರೆ ಸಾಕು ಎಂಬ ನಿಯಮ ಬಂದರೆ, ಬ್ರಿಟನ್ನಿನಂತೆ ಇಲ್ಲೂ ಕಾರಣಗಳು ಮಾತ್ರ ಬೆಳೆಯುತ್ತವೆ. ಕೇಂದ್ರದ ಅನುದಾನ ಪಡೆಯುವುದಕ್ಕೆ ಈ ಶ್ರೇಣಿಯನ್ನು ಒಪ್ಪುವುದು ಷರತ್ತಾಗಬೇಕು. 2003ರ ಕಾಯ್ದೆಗೆ ತಿದ್ದುಪಡಿ ತಂದರೆ ಅದು ಸಾಧ್ಯ. ಅದರ ಜೊತೆಗೆ ಎಲ್ಲ ಸಾರ್ವಜನಿಕ ವಿಶ್ವವಿದ್ಯಾಲಯಗಳೂ ಹಿರಿಯ ಆಡಳಿತಗಾರರ ಒಟ್ಟು ಗಳಿಕೆಯನ್ನು ಹೆಸರುಸಹಿತ ಪ್ರಕಟಿಸಬೇಕು. ಬೋನಸ್, ವಸತಿ, ನಿರ್ಗಮನದ ಪಾವತಿ, ಹೊರಗಿನ ಹುದ್ದೆಗಳಿಂದ ಬರುವ ಆದಾಯ ಎಲ್ಲವೂ ಅದರಲ್ಲಿ ಇರಬೇಕು. ಸಲಹಾ ಸಂಸ್ಥೆಗಳಿಗೆ ಕೊಟ್ಟ ಹಣದ ಲೆಕ್ಕವೂ ಹಾಗೆಯೇ ಹೊರಬರಬೇಕು. ವರ್ಷಕ್ಕೊಮ್ಮೆಯಾದರೂ ಕುಲಪತಿಗಳೂ ಕೌನ್ಸಿಲ್‌ನ ಮುಖ್ಯಸ್ಥರೂ ಸಂಸದೀಯ ಸಮಿತಿಯ ಮುಂದೆ ಬಂದು ಉತ್ತರಿಸುವುದು ಕ್ಯಾನ್‌ಬೆರಾದ ಒಂದು ವಿಶ್ವವಿದ್ಯಾಲಯಕ್ಕೆ ಮಾತ್ರ ಸೀಮಿತವಾಗಬಾರದು.

ಇಲ್ಲಿ ಮತದಾನ ಕಡ್ಡಾಯ. ನಾವು ಹೇಗೂ ಮತಗಟ್ಟೆಗೆ ಹೋಗುವವರೇ. ಮೆಲ್ಬರ್ನ್‌ನ ಟಾರ್ನೀಟ್‌ನಿಂದ ಹಿಡಿದು ಸಿಡ್ನಿಯ ಪ್ಯಾರಮಟ್ಟಾದವರೆಗೆ ಎಷ್ಟೋ ಬಡಾವಣೆಗಳಲ್ಲಿ ಭಾರತೀಯ ಮತದಾರರ ಮಾತಿಗೆ ಈಗ ಬೆಲೆ ಬಂದಿದೆ. ರಾಜ್ಯೋತ್ಸವ, ಯುಗಾದಿಗಳಿಗೆ ಸಂಸದರು ನಮ್ಮ ವೇದಿಕೆಗೆ ಬಂದು ನಮಸ್ಕಾರ ಹೇಳಿಹೋಗುತ್ತಾರೆ. ಮುಂದಿನ ಸಲ ಅವರು ಬಂದಾಗ ಹಾರ ಹಾಕುವುದರ ಜೊತೆಗೆ, ಕುಲಪತಿಗಳ ಸಂಬಳದ ಶ್ರೇಣಿಯನ್ನು ಕಡ್ಡಾಯಗೊಳಿಸುವ ಮಸೂದೆಗೆ ನಿಮ್ಮ ಬೆಂಬಲವಿದೆಯೇ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ನಿಮ್ಮ ಕ್ಷೇತ್ರದ ಸಂಸದರಿಗೂ ನಿಮ್ಮ ರಾಜ್ಯದ ಸೆನೆಟರುಗಳಿಗೂ ಒಂದು ಪುಟ ಮೀರದ ಪತ್ರ ಬರೆಯಿರಿ. ನಿಮ್ಮ ಬಡಾವಣೆಯ ಹೆಸರನ್ನೂ, ಮನೆಯಲ್ಲಿ ಯಾರಾದರೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ ಅಥವಾ ಪಾಠ ಮಾಡುತ್ತಿದ್ದರೆ ಅದನ್ನೂ ತಿಳಿಸಿ. ವಿಶ್ವವಿದ್ಯಾಲಯಗಳ ಮೂಲ ಶಾಸನಗಳು ಹೆಚ್ಚಾಗಿ ರಾಜ್ಯಗಳ ಕೈಯಲ್ಲಿರುವುದರಿಂದ ರಾಜ್ಯ ಸಂಸತ್ತಿನ ಸದಸ್ಯರಿಗೂ ಅದರ ಒಂದು ಪ್ರತಿ ಹೋಗಲಿ.

ಕರ್ನಾಟಕದಲ್ಲಿರುವ ತಂದೆತಾಯಂದಿರಿಗೆ ಇಲ್ಲಿ ಮತವಿಲ್ಲ. ಆದರೆ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳು ಬೆಂಗಳೂರಿನ ಹೋಟೆಲುಗಳಲ್ಲಿ ಶಿಕ್ಷಣ ಮೇಳ ನಡೆಸಿ, ನಿಮ್ಮ ಎದುರು ಕೂತು ಶುಲ್ಕದ ಪಟ್ಟಿ ತೋರಿಸುತ್ತಾರೆ. ನಮ್ಮ ಮಗುವಿನ ತರಗತಿಯನ್ನು ಕಾಯಂ ಬೋಧಕರು ತೆಗೆದುಕೊಳ್ಳುತ್ತಾರೆಯೇ ಗಂಟೆ ಲೆಕ್ಕದವರೇ, ನಿಮ್ಮ ಕುಲಪತಿಯ ಸಂಬಳವೆಷ್ಟು, ಅದು ಯಾವ ಪುಟದಲ್ಲಿ ಪ್ರಕಟವಾಗಿದೆ ಎಂದು ಅಲ್ಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಕಳಿಸಲು ಹೇಳಿ. ಅದನ್ನು ಇಲ್ಲಿರುವ ನಿಮ್ಮ ಮಕ್ಕಳಿಗೂ ಬಂಧುಗಳಿಗೂ ತಲುಪಿಸಿದರೆ, ಸಂಸದರಿಗೆ ಬರೆಯುವ ಪತ್ರದ ಜೊತೆ ಅವರು ಅದನ್ನು ಲಗತ್ತಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಮೆಲ್ಬರ್ನ್‌ನ ಒಬ್ಬ ಕನ್ನಡಿಗ ಮತದಾರ